ತೊಟ್ಟಿಕ್ಕುವ ನಳ್ಳಿಯೂ ಶ್ರಾವಕನ ಹೊಣೆಯೂ

ಸೋರುವ ನಳ್ಳಿಯ ದುರಸ್ತಿ ಧರ್ಮವಿಚಾರಕ್ಕೆ ತಕ್ಕ ವಿಷಯವೇ ಎಂದು ಕೇಳುವವರು ಇರಬಹುದು. ಪ್ರಶ್ನೆ ಸಹಜವೇ. ಆದರೆ ಸೋಸದ ನೀರನ್ನು ಕುಡಿಯಬಾರದೆಂಬ ನಿಯಮವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿರುವ ಸಮಾಜಕ್ಕೆ, ಒಂದು ಹನಿ ನೀರಿನಲ್ಲಿಯೂ ಜಲಕಾಯಿಕ ಜೀವಗಳ ಇರವನ್ನು ಕಂಡ ದರ್ಶನಕ್ಕೆ, ಆ ನೀರು ಹಗಲಿರುಳು ವ್ಯರ್ಥವಾಗಿ ಬಚ್ಚಲು ಸೇರುವುದು ಅಲಕ್ಷಿಸತಕ್ಕ ಸಂಗತಿಯಾಗಲಾರದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ನಿರೂಪಿಸುವಾಗ ಪ್ರಮಾದಚರ್ಯೆಯನ್ನೂ ಅವುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಬಾಧೆಯುಂಟುಮಾಡುವ ನಡೆಯೇ ಅದು. ಅಲ್ಲಿ ಕ್ರೋಧವಿಲ್ಲ, ಲಾಭದ ಆಸೆಯಿಲ್ಲ; ಇರುವುದು ಕೇವಲ ಅಜಾಗರೂಕತೆ. ನಳ್ಳಿಯ ಸೋರಿಕೆಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು.

ಲೆಕ್ಕವನ್ನಾದರೂ ನೋಡಬಹುದು. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾಗುತ್ತವೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಅದು 4 ಲೀಟರಿಗೆ ಮಿಗಿಲು. ವರ್ಷಕ್ಕೆ 1,500 ಲೀಟರಿಗೂ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ಇದೇನು ದೊಡ್ಡದು ಎನಿಸಬಹುದು. ಆದರೆ ಆ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಕಡಲು ಸೇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾವಿಯ ತಳ ಕಾಣುತ್ತದೆ. ಉಡುಪಿ, ಮಣಿಪಾಲಗಳಿಗೆ ನೀರೊದಗಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಬೇಸಿಗೆಯಲ್ಲಿ ಬತ್ತಿದಾಗ ನಗರದವರು ಸರದಿಯ ನೀರಿಗಾಗಿ ಕಾದು ನಿಂತರು. ಮಳೆಗಾಲದಲ್ಲಿ ಸೋರುವ ನಳ್ಳಿ ಬೇಸಿಗೆಯಲ್ಲಿಯೂ ಸೋರುತ್ತದೆಂಬುದನ್ನು ಮನೆಯವರು ಮರೆತಿರುತ್ತಾರೆ.

ಕಾರ್ಕಳದ ಹಿರಿಯಂಗಡಿಯಲ್ಲಾಗಲಿ ಸುತ್ತಲಿನ ಬೀಡು, ಗುತ್ತಿನ ಮನೆಗಳಲ್ಲಾಗಲಿ ಒಂದು ಕಾಲದಲ್ಲಿ ನೀರಿನ ವ್ಯವಸ್ಥೆಯೆಂದರೆ ಮುರಕಲ್ಲಿನಲ್ಲಿ ತೋಡಿದ ಬಾವಿ, ರಾಟೆ, ಹಗ್ಗ, ಕೊಡಪಾನ. ಕೆಟ್ಟುದು ಯಾವುದೆಂದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು; ಸವೆದ ಹಗ್ಗವನ್ನು ಯಾರೂ ಬದಲಿಸಬಲ್ಲವರಾಗಿದ್ದರು. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಗೆ, ಮೇಲಿನಿಂದ ಸುರಿಯದೆ, ನೀರಿನ ಮಟ್ಟದವರೆಗೆ ಪಾತ್ರೆಯನ್ನು ಇಳಿಸಿ ಮರಳಿಸುವ ವಿಧಿಯನ್ನು ನಿಷ್ಠಾವಂತರು ತಪ್ಪದೆ ನಡೆಸುತ್ತಿದ್ದರು. ಕೊಳವೆ ಬಂದ ಮೇಲೆ ನೀರು ಗೋಡೆಯೊಳಗೆ ಅಡಗಿತು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ತಿಳಿವು ಮನೆಯವರಿಂದ ಪ್ಲಂಬರನಿಗೆ ವರ್ಗವಾಯಿತು. ಬಜೆಯಿಂದ ಬಂದ ನೀರನ್ನು ಮಣಿಪಾಲದ ಎಂಟನೆಯ ಅಂತಸ್ತಿನಲ್ಲಿ ಸೋಸಿದವರು ಬಟ್ಟೆಯಲ್ಲಿ ಉಳಿದುದನ್ನು ಎಲ್ಲಿಗೆ ಮರಳಿಸಬೇಕು? ಇದಕ್ಕೆ ಸಮಾಧಾನಕರವಾದ ಉತ್ತರ ಇನ್ನೂ ದೊರೆತಿಲ್ಲ. ಅದು ಬೇರೆಯೇ ಚರ್ಚೆಗೆ ಯೋಗ್ಯವಾದ ವಿಷಯ.

ಈಗಿನ ಪ್ರಶ್ನೆ, ದುರಸ್ತಿಯನ್ನು ಗೃಹಸ್ಥನು ತಾನೇ ಮಾಡಬೇಕೋ, ಬಲ್ಲವನನ್ನು ಕರೆಸಬೇಕೋ ಎಂಬುದು. ಸಾಮಾನ್ಯವಾಗಿ ಇದನ್ನು ಹಣದ ಪ್ರಶ್ನೆಯೆಂದೇ ಭಾವಿಸಲಾಗುತ್ತದೆ. ಕೆಲವರು ಸ್ವಾವಲಂಬನೆಯ ಮಾತನ್ನಾಡುತ್ತಾರೆ. ಕೆಲವರು ಅವರವರ ಕಸುಬು ಅವರವರಿಗೆ ಎನ್ನುತ್ತಾರೆ. ಎರಡೂ ಮಾತುಗಳಲ್ಲಿ ಹುರುಳಿದೆ, ಆದರೆ ಎರಡೂ ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಕೆಲಸವನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಅದರ ಹೊಣೆಯೂ ಅವನ ಕೈಗೆ ಹೋಯಿತೆಂದು ಜೈನಾಚಾರ ಒಪ್ಪುವುದಿಲ್ಲ.

ಕರ್ಮಾಸ್ರವಕ್ಕೆ ನೆಲೆಯಾಗುವ ಕ್ರಿಯೆಗಳ ನೂರೆಂಟು ಭೇದಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನ, ವಚನ, ಕಾಯಗಳಿಂದಲೂ, ತಾನು ಮಾಡುವ ಕೃತ, ಪರರಿಂದ ಮಾಡಿಸುವ ಕಾರಿತ, ಮಾಡಿದ್ದನ್ನು ಒಪ್ಪುವ ಅನುಮತಗಳಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವವರುಂಟು. ದಿನವೂ ಮಣಿ ಎಣಿಸುವವರು ಇದನ್ನು ಬಚ್ಚಲಮನೆಯ ಕೊಳವೆಗೆ ಅನ್ವಯಿಸಿ ನೋಡಿರುವುದು ವಿರಳ. ನಳ್ಳಿಯನ್ನು ಬಿಚ್ಚುವ ನಿರ್ಧಾರ ಸಂರಂಭ; ಪೈಪ್ ರೆಂಚು, ವಾಷರು, ಟೇಪುಗಳನ್ನು ಹೊಂದಿಸಿಕೊಳ್ಳುವುದು ಸಮಾರಂಭ; ತಿರುಗಿಸತೊಡಗುವುದು ಆರಂಭ. ತಾನೇ ತಿರುಗಿಸಿದರೆ ಕೃತ, ಪ್ಲಂಬರನು ತಿರುಗಿಸಿದರೆ ಕಾರಿತ. ಕರ್ತೃ ಬದಲಾದ ಮಾತ್ರಕ್ಕೆ ಗೃಹಸ್ಥನು ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಇದು ಕೇವಲ ಶಾಸ್ತ್ರದ ಕೂದಲು ಸೀಳುವಿಕೆ ಎನ್ನುವವರು ಕಾರ್ಕಳದ ಬೆಟ್ಟವನ್ನು ನೋಡಬೇಕು. 1432ರಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದವನು ವೀರಪಾಂಡ್ಯ ಭೈರರಸ. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದವನು ಇಮ್ಮಡಿ ಭೈರರಸ. ಇಬ್ಬರೂ ಉಳಿ ಹಿಡಿದು ಕಲ್ಲು ಕೆತ್ತಿದವರಲ್ಲ. ಆದರೂ ಪುಣ್ಯವೂ ಕೀರ್ತಿಯೂ ಮಾಡಿಸಿದವರಿಗೆ ಸಂದಿವೆ. ಸಮಾಜ ಇಂದಿಗೂ ಅವರ ಹೆಸರುಗಳನ್ನೇ ಹೇಳುತ್ತದೆ. ಮಾಡಿಸಿದ ಒಳಿತಿನ ಫಲ ಮಾಡಿಸಿದವನಿಗೆ ಸೇರುವುದಾದರೆ, ಮಾಡಿಸಿದ ಕೆಡುಕಿನ ಫಲ ಮಾತ್ರ ಕೂಲಿಯವನ ಪಾಲು ಎನ್ನುವುದು ಯಾವ ನ್ಯಾಯ?

ಈ ದೃಷ್ಟಿಯಿಂದ ನೋಡಿದಾಗ ತಾನೇ ಮಾಡುವುದು, ಮಾಡಿಸುವುದು ಎಂಬ ಎರಡರಲ್ಲಿ ಯಾವುದೂ ಸ್ವತಃ ಶ್ರೇಷ್ಠವಲ್ಲ. ಯಾವ ಕಷಾಯದಿಂದ ಪ್ರೇರಿತನಾಗಿ ಗೃಹಸ್ಥನು ಒಂದನ್ನು ಆಯ್ದುಕೊಳ್ಳುತ್ತಾನೆ, ಯಾವುದರಲ್ಲಿ ಅಜಾಗರೂಕತೆ ಕಡಿಮೆ ಎಂಬುದೇ ನೋಡತಕ್ಕದ್ದು.

ನಳ್ಳಿಯ ವಾಷರ್ ಬದಲಿಸುವುದು ಕಷ್ಟದ ಕೆಲಸವಲ್ಲ. ನೀರಿನ ವಾಲ್ವನ್ನು ಮುಚ್ಚಿ, ನಳ್ಳಿಯ ತಲೆಯನ್ನು ಬಿಚ್ಚಿ, ಸವೆದ ರಬ್ಬರನ್ನು ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು. ಹತ್ತು ನಿಮಿಷ ಸಾಕು. ಮನೆಯ ಮಗನಾಗಲಿ ಮಗಳಾಗಲಿ ಒಮ್ಮೆ ನೋಡಿ ಕಲಿಯಬಹುದಾದ ಇದನ್ನು ಮಾಡದೆ, ಪ್ಲಂಬರನು ಬರುವವರೆಗೆ ಹತ್ತು ದಿನ, ಇಪ್ಪತ್ತು ದಿನ ನೀರನ್ನು ಹರಿಯಬಿಡುವ ಮನೆಗಳು ಕಡಿಮೆಯಿಲ್ಲ. ಕಾರಣವನ್ನು ಕೆದಕಿದರೆ ಸಮಯವಿಲ್ಲವೆಂಬ ಉತ್ತರ ಬರುತ್ತದೆ. ಹಲವೆಡೆ ನಿಜವಾದ ಕಾರಣ ಬೇರೆ. ಬಚ್ಚಲಿನ ಕೆಲಸಕ್ಕೆ ಕೈ ಹಾಕುವುದು ತಮ್ಮ ಮನೆತನಕ್ಕೆ ಒಪ್ಪುವುದಲ್ಲವೆಂಬ ಭಾವ ಎಲ್ಲೋ ಒಳಗೆ ಕುಳಿತಿರುತ್ತದೆ. ಸಮ್ಯಗ್ದರ್ಶನಕ್ಕೆ ಮಲಿನತೆ ತರುವ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಸೇರಿವೆ. ಅವುಗಳ ಪ್ರವಚನವನ್ನು ಕೇಳಿ ತಲೆದೂಗಿ ಬಂದವರ ಮನೆಯಲ್ಲಿಯೇ ನಳ್ಳಿ ತೊಟ್ಟಿಕ್ಕುತ್ತಿರುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಕಾಪುವಿನ ಕಡಲ ತೀರದ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವ ಊರು ಅದು. ಮೂವತ್ತು ವರ್ಷಗಳ ಹಿಂದೆ ಹಾಕಿದ ಜಿ.ಐ. ಪೈಪಿನ ಒಂದು ಕೀಲಿನಲ್ಲಿ ನೀರು ಜಿನುಗುತ್ತಿದೆ. ನೂರಾರು ರೂಪಾಯಿ ಉಳಿಯಿತೆಂದು ಮನೆಯ ಯಜಮಾನರು ರೆಂಚು ಹಿಡಿದು ತಿರುಗಿಸುತ್ತಾರೆ. ಹೊರಗಿನ ಕೀಲು ಬಿಗಿಯಾಗುವ ಮೊದಲೇ ಗೋಡೆಯೊಳಗಿನ ತುಕ್ಕು ಹಿಡಿದ ಮರೆ ಮುರಿಯುತ್ತದೆ. ಜಿನುಗುತ್ತಿದ್ದುದು ಈಗ ಗೋಡೆಯನ್ನೇ ನೆನೆಸುತ್ತದೆ. ಕೊನೆಗೆ ಗೋಡೆ ಒಡೆದು, ಟಾಂಕಿಯ ನೀರನ್ನೆಲ್ಲ ಚೆಲ್ಲಿ, ಹೊಸ ಪೈಪು ಹಾಕಬೇಕಾಗುತ್ತದೆ. ಅನುಭವಿಯಾದ ಪ್ಲಂಬರನು ಅಂತಹ ಪೈಪನ್ನು ಮುಟ್ಟುವ ಮೊದಲು ಎರಡು ಕೈಗಳಿಂದ ಎರಡು ಕಡೆ ಹಿಡಿದು ಅದರ ಬಲವನ್ನು ಅಂದಾಜು ಮಾಡುತ್ತಾನೆ. ಆ ತಿಳಿವಿಗೆ ಅವನು ವರ್ಷಗಳನ್ನು ತೆತ್ತಿರುತ್ತಾನೆ. ಇಲ್ಲಿ ಸ್ವಾವಲಂಬನೆಯ ಹೆಸರಿನಲ್ಲಿ ಕೆಲಸ ಮಾಡಿದ್ದು ಲೋಭ. ಕೈತೋಟದ ಕೊಳವೆಯನ್ನು ಕೆಡಿಸಿಕೊಂಡರೆ ನಷ್ಟ ತನ್ನದು ಮಾತ್ರ. ಆದರೆ ಮಣಿಪಾಲದ ವಸತಿ ಸಮುಚ್ಚಯದಲ್ಲಿ ಮೇಲಿನ ಮನೆಯ ಅರೆಬರೆ ದುರಸ್ತಿ ಕೆಳಗಿನ ಮನೆಯ ಛಾವಣಿಯಲ್ಲಿ ಕಲೆಯಾಗಿ ಇಳಿಯುತ್ತದೆ. ಬಾಡಿಗೆದಾರನು ಬರುವ ಮುನ್ನ ಆ ಕಲೆಗೆ ಸುಣ್ಣ ಬಳಿಸುವ ಮಾಲೀಕನಿಗೆ ಲೋಭದ ಜೊತೆಗೆ ಮಾಯೆಯೂ ಸೇರಿಕೊಂಡಿರುತ್ತದೆ.

ಬಿಸಿನೀರಿನ ಗೀಸರಿನ ವಿಚಾರ ಇನ್ನೂ ಗಂಭೀರ. ಒತ್ತಡ ಮಿತಿಮೀರಿದಾಗ ನೀರನ್ನು ಹೊರಬಿಡಲು ಅದಕ್ಕೊಂದು ಸುರಕ್ಷಾ ವಾಲ್ವು ಇರುತ್ತದೆ. ಅದು ಕೆಲವೊಮ್ಮೆ ಹನಿಯುತ್ತದೆ. ಹನಿಯುವುದು ದೋಷವೆಂದು ತಿಳಿದು ಅದನ್ನು ಮುಚ್ಚಿಬಿಡುವವರಿದ್ದಾರೆ. ಹಾಗೆ ಮುಚ್ಚಿದ ಟಾಂಕಿ ಕಾಯುತ್ತ ಹೋದರೆ ಸಿಡಿಯಬಹುದು. ಇಲ್ಲಿ ವಿದ್ಯುತ್ತೂ ನೀರೂ ಒಂದೆಡೆ ಸೇರಿವೆ. ಬಲ್ಲವನನ್ನು ಕರೆಸುವುದೇ ಇಂತಹ ಕೆಲಸಗಳಲ್ಲಿ ಅಹಿಂಸೆ.

ಹಾಗೆಂದು ಕರೆಸಿದ ಕೂಡಲೇ ಕರ್ತವ್ಯ ಮುಗಿಯಿತೇ? ಬೇಸಿಗೆಯಲ್ಲಿ ನಳ್ಳಿ ನೀರಿನ ವೇಗ ಕುಗ್ಗಿದಾಗ ನಗರಸಭೆಯ ಕೊಳವೆಗೇ ನೇರವಾಗಿ ಪಂಪು ಜೋಡಿಸಿ ನೀರೆಳೆಯುವ ಉಪಾಯವನ್ನು ಪ್ಲಂಬರನೇ ಸೂಚಿಸಬಹುದು. ಅವನು ಹೇಳಿದ, ಇವರು ತಲೆಯಾಡಿಸಿದರು, ಅಷ್ಟೇ. ಆದರೆ ಆ ಪಂಪು ಎಳೆಯುವುದು ಅದೇ ಸಾಲಿನ ಮುಂದಿನ ಮನೆಗಳ ಪಾಲಿನ ನೀರನ್ನು. ಕೊಳವೆಯಲ್ಲಿ ಹೊರಗಿಗಿಂತ ಒತ್ತಡ ಕಡಿಮೆಯಾದಾಗ ಎಲ್ಲಿಯಾದರೂ ಬಿರುಕಿದ್ದರೆ ನೆಲದ ಕೊಳೆನೀರು ಒಳಗೆ ಸೇರುವ ಅಪಾಯವೂ ಉಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು, ರಾಜ್ಯದ ನಿಯಮವನ್ನು ಮೀರಿ ಪಡೆಯುವುದು. ವ್ಯಾಪಾರಿಗಳಿಗಾಗಿ ಹೇಳಿದ ಮಾತೆಂದು ಅದನ್ನು ಪಕ್ಕಕ್ಕಿರಿಸುವುದು ರೂಢಿ. ನೀರಿಗೆ ಅದು ಅನ್ವಯಿಸದೆಂದು ಹೇಳಲು ಯಾವ ಆಧಾರವೂ ಇಲ್ಲ.

ಕೃತ ಮತ್ತು ಕಾರಿತಗಳ ನಡುವಿನ ಈ ಸಂಬಂಧ ಅತ್ಯಂತ ಕಠಿನವಾಗಿ ಪರೀಕ್ಷೆಗೊಳಗಾಗುವುದು ಶೌಚಾಲಯದ ಗುಂಡಿಯ ಬಳಿ. ಮನೆ, ಕಲ್ಯಾಣಮಂದಿರ, ಬಸದಿಯ ಅತಿಥಿಗೃಹ, ಎಲ್ಲಿಯಾದರೂ ಸೆಪ್ಟಿಕ್ ಟಾಂಕಿ ತುಂಬುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ. ಅದರೊಳಗೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಮುಂತಾದ ಅನಿಲಗಳು ಸೇರಿರುತ್ತವೆ. ಹೈಡ್ರೋಜನ್ ಸಲ್ಫೈಡಿನ ಒಂದು ಕ್ರೂರ ಗುಣವೆಂದರೆ, ಅದರ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸದಂತಾಗುತ್ತದೆ. ದುರ್ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಮನೆಯ ಯಜಮಾನನು ತಾನು ಇಳಿಯುವುದಿಲ್ಲ, ಮಗನನ್ನು ಇಳಿಸುವುದಿಲ್ಲ. ಹಾಗಾದರೆ ಕೂಲಿಯವನನ್ನು ಇಳಿಸಬಹುದೇ? ಅವನು ಒಪ್ಪಿಕೊಂಡಿದ್ದಾನೆ, ಹಣ ಕೇಳಿದ್ದಾನೆ ಎಂಬ ಸಮಾಧಾನ ನಿಲ್ಲುವುದಿಲ್ಲ. ಬಡತನದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ. ಅಪಾಯವೆಂದು ತಿಳಿದೇ ಇನ್ನೊಂದು ಪಂಚೇಂದ್ರಿಯ ಜೀವವನ್ನು ಅಲ್ಲಿಗೆ ಕಳುಹಿಸುವುದನ್ನು ಆರಂಭೀ ಹಿಂಸೆಯೆಂದು, ಮನೆವಾರ್ತೆಯಲ್ಲಿ ತಪ್ಪಿಸಲಾಗದ ಹಿಂಸೆಯೆಂದು, ಹಗುರಗೊಳಿಸುವಂತಿಲ್ಲ.

ದೇಶದ ಕಾನೂನೂ ಈ ವಿಚಾರದಲ್ಲಿ ಶ್ರಾವಕಾಚಾರದ ಮಾತನ್ನೇ ಆಡುತ್ತದೆ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯಿದೆಯ 7ನೆಯ ಕಲಮು, ಚರಂಡಿ ಅಥವಾ ಸೆಪ್ಟಿಕ್ ಟಾಂಕಿಯ ಅಪಾಯಕರ ಶುಚಿಕಾರ್ಯಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೇಮಿಸುವುದನ್ನು ತಡೆಯುತ್ತದೆ. ಇದು ಸ್ಥಳೀಯ ಸಂಸ್ಥೆಗಳಿಗೆ ಮಾತ್ರವಲ್ಲ, ಖಾಸಗಿ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೆ ಎರಡು ವರ್ಷಗಳವರೆಗೆ ಸೆರೆಮನೆ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ, 5 ಲಕ್ಷ. ಸುಪ್ರೀಂ ಕೋರ್ಟು 2014ರಲ್ಲಿ ಇಂತಹ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರೋಕ್ಷವಾಗಿ ಎಂಬ ಮಾತು ಇಲ್ಲಿ ಮುಖ್ಯವಾದುದು. ಗುತ್ತಿಗೆದಾರನಿಗೆ ಹೇಳಿದ್ದು, ಅವನು ಯಾರನ್ನು ಕಳುಹಿಸಿದನೋ ತಿಳಿಯದು ಎಂಬ ಬಾಗಿಲನ್ನು ಅದು ಮುಚ್ಚುತ್ತದೆ. ಕಾರಿತ ಎಂಬ ಪದವೂ ಮುಚ್ಚುವುದು ಅದೇ ಬಾಗಿಲನ್ನು. ಸಕ್ಕಿಂಗ್ ಯಂತ್ರದ ವಾಹನವನ್ನು ತರಿಸಲು ಹೆಚ್ಚು ಹಣ ಬೇಕಾಗಬಹುದು, ಕೆಲವು ದಿನ ಕಾಯಬೇಕಾಗಬಹುದು. ಬೇರೆ ಮಾರ್ಗವಿಲ್ಲ. ಪಂಪಿನ ಫುಟ್‌ವಾಲ್ವು ಕೆಟ್ಟಿತೆಂದು ಆಳವಾದ ಹಳೆಯ ಬಾವಿಗೆ ಯಾರನ್ನಾದರೂ ಇಳಿಸುವವರೂ ಇದನ್ನು ನೆನೆಯಬೇಕು. ಆಮ್ಲಜನಕವಿಲ್ಲದ ಬಾವಿಗಳಲ್ಲಿ ಉಸಿರುಗಟ್ಟಿ ಮಡಿದವರ ವಾರ್ತೆ ಪತ್ರಿಕೆಗಳಲ್ಲಿ ಹೊಸದೇನಲ್ಲ. ಪೈಪನ್ನೇ ಮೇಲೆತ್ತಿ ವಾಲ್ವನ್ನು ಬದಲಿಸುವುದು ಸಾಧ್ಯವಿರುವಾಗ ಮನುಷ್ಯನನ್ನು ಇಳಿಸುವ ಅಗತ್ಯವೇನು?

ಇಂತಹ ಕೆಲಸಗಳನ್ನು ಬಿಟ್ಟರೂ, ಮಾಡಿಸುವವನ ಮೇಲೆ ಇನ್ನೊಂದು ಬಗೆಯ ಹೊಣೆ ಉಳಿಯುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುವು ಸೇರಿವೆ. ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನನೀರುಗಳನ್ನು ತಡೆಯುವುದು ಎಂದು ಅರ್ಥ. ಎತ್ತು, ಕೋಣಗಳನ್ನು ಕಣ್ಣ ಮುಂದಿರಿಸಿಕೊಂಡು ವಿವರಿಸುವ ಈ ಮಾತುಗಳನ್ನು ಮನುಷ್ಯರ ವಿಷಯದಲ್ಲಿ ಸಡಿಲಗೊಳಿಸಲು ಕಾರಣವಿಲ್ಲ. ಒಡಿಶಾದ ಕೇಂದ್ರಪಾಡ ಜಿಲ್ಲೆಯ ಪಟ್ಟಾಮುಂಡೈ ಪ್ಲಂಬರುಗಳ ತವರೆಂದೇ ಹೆಸರಾದ ಊರು. ಆ ಸೀಮೆಯ ಯುವಕರು ದೇಶದ ನಾನಾ ನಗರಗಳಲ್ಲಿ ಈ ಕಸುಬಿನಿಂದ ಬದುಕುತ್ತಾರೆ. ಅಂತಹವನೊಬ್ಬನು ಭಾಷೆ ತಿಳಿಯದ ಊರಿನಲ್ಲಿ ಬೆಳಗಿನಿಂದ ಮೂರು ಗಂಟೆಯವರೆಗೆ ಗೋಡೆ ಕೊರೆಯುತ್ತಿರುವಾಗ ಅವನಿಗೆ ಊಟವಾಯಿತೇ ಎಂದು ಕೇಳುವುದು, ಮನೆಯವರು ಕುಡಿಯುವ ಸೋಸಿದ ನೀರನ್ನೇ ಅವನಿಗೂ ಕೊಡುವುದು ಔದಾರ್ಯವಲ್ಲ, ವ್ರತಪಾಲನೆ.

ಕೂಲಿಯ ಮಾತು ಬಂದಾಗ ಮಾತ್ರ ಬಹಳ ಮಂದಿ ವ್ರತವನ್ನು ಮರೆಯುತ್ತಾರೆ. ಐದು ನಿಮಿಷದ ಕೆಲಸಕ್ಕೆ ಇಷ್ಟೇಕೆ ಎಂಬುದು ಸಾಮಾನ್ಯವಾದ ತಗಾದೆ. ಉಡುಪಿಯಿಂದ ಕಾಪುವಿಗೆ 12-13 ಕಿಲೋಮೀಟರ್ ದಾರಿ. ಬಂದು ಹೋಗುವ ಹೊತ್ತು, ಅಂಗಡಿಗೆ ಸಾಮಾನಿಗಾಗಿ ಅಲೆದ ಹೊತ್ತು, ಆ ಐದು ನಿಮಿಷದ ಹಿಂದಿನ ವರ್ಷಗಳು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ವೈದ್ಯನು ಐದು ನಿಮಿಷ ನಾಡಿ ನೋಡಿದ್ದಕ್ಕೆ ಅದೇ ಮನೆಯವರು ಚೌಕಾಸಿ ಮಾಡುವುದಿಲ್ಲ. ತಾನೇ ಮಾಡಿಕೊಳ್ಳಬಹುದಾದ ಕೆಲಸಕ್ಕೆ ದರ ಹೆಚ್ಚೆನಿಸಿದರೆ ತಾನೇ ಮಾಡಿಕೊಳ್ಳಲು ಗೃಹಸ್ಥನು ಸ್ವತಂತ್ರನು. ಮಾಡಿಕೊಳ್ಳಲಾರದೆ ಕರೆಸಿ, ಮುಗಿದ ಮೇಲೆ ಕಡಿತ ಮಾಡುವುದಕ್ಕೆ ಆ ಸ್ವಾತಂತ್ರ್ಯ ವಿಸ್ತರಿಸುವುದಿಲ್ಲ. ದರವನ್ನು ಮೊದಲೇ ಮಾತಾಡಿಕೊಳ್ಳುವುದೇ ಇಬ್ಬರಿಗೂ ಹಿತ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಬಾವಿಯ ಪಂಪು, ಅಭಿಷೇಕದ ನೀರಿನ ಟಾಂಕಿ, ಯಾತ್ರಿಕರ ಶೌಚಾಲಯ, ಇಂದ್ರರ ವಸತಿಯ ನಳ್ಳಿ, ಇವುಗಳ ದುರಸ್ತಿ ಮುಗಿಯುವುದೆಂಬುದಿಲ್ಲ. ಊರಿನ ಶ್ರಾವಕ ಯುವಕರು ಕೂಡಿ ಶ್ರಮದಾನದಿಂದ ಮಾಡುವುದಾದರೆ ಸಂತೋಷ. ಕಲಿತವರು ಜೊತೆಗಿದ್ದರೆ ಇನ್ನೂ ಸಂತೋಷ. ಅನುಭವವಿಲ್ಲದ ಭಕ್ತಿಯಿಂದ ಜೋಡಿಸಿದ ಪೈಪು ವಾರ್ಷಿಕೋತ್ಸವದ ದಿನವೇ ಕಳಚಿಕೊಂಡ ಮೇಲೆ ಯಾರನ್ನೂ ದೂರುವಂತಿರುವುದಿಲ್ಲ. ಹೊರಗಿನವನನ್ನು ಕರೆಸಿದಾಗ ಅನೇಕ ಕಡೆ ನಡೆಯುವುದು ಬೇರೆ. ಕೆಲಸ ಮುಗಿಯುತ್ತಲೇ, ಇದು ದೇವರ ಕೆಲಸ, ಸ್ವಲ್ಪ ನೋಡಿಕೊಂಡು ತೆಗೆದುಕೋ ಎಂಬ ಮಾತು ಬರುತ್ತದೆ. ಕೆಲಸಗಾರನು ಜೈನನಾಗಿರಲಿಕ್ಕಿಲ್ಲ, ಆ ದೇವರಲ್ಲಿ ಅವನಿಗೆ ಭಕ್ತಿಯಿದೆಯೋ ಇಲ್ಲವೋ ಯಾರೂ ಕೇಳಿಲ್ಲ. ಗೌರವಾನ್ವಿತರಾದ ಹತ್ತು ಮಂದಿಯ ನಡುವೆ ನಿಂತು ಇಲ್ಲವೆನ್ನುವ ಧೈರ್ಯ ಅವನಿಗೆ ಬರುವುದಿಲ್ಲ. ಕೊಟ್ಟಷ್ಟನ್ನು ತೆಗೆದುಕೊಂಡು ಹೋಗುತ್ತಾನೆ.

ಬಸದಿಯ ಹಣ ಭಕ್ತರು ಕೊಟ್ಟದ್ದು, ಅದನ್ನು ಮಿತವಾಗಿ ವ್ಯಯಿಸಬೇಕು ಎಂಬ ಮೊಕ್ತೇಸರರ ಕಾಳಜಿ ಸರಿಯಾದುದೇ. ಮೂರು ಕಡೆ ದರ ವಿಚಾರಿಸಬಹುದು, ಒಳ್ಳೆಯ ಗುಣಮಟ್ಟದ ಸಾಮಾನನ್ನೇ ಹಾಕಿಸಿ ಮೇಲಿಂದ ಮೇಲೆ ದುರಸ್ತಿ ಬಾರದಂತೆ ನೋಡಿಕೊಳ್ಳಬಹುದು, ಮಳೆಗಾಲಕ್ಕೆ ಮುನ್ನ ಮತ್ತು ಬೇಸಿಗೆಗೆ ಮುನ್ನ ಒಮ್ಮೆ ಎಲ್ಲ ನಳ್ಳಿಗಳನ್ನೂ ನಡೆದು ನೋಡಬಹುದು. ಮಾತಾಡಿದ ಕೂಲಿಯಿಂದ ಮಾತ್ರ ಉಳಿಸುವಂತಿಲ್ಲ. ದಾನವೆಂಬುದು ಕೊಡುವವನ ಮನಸ್ಸಿನಿಂದ ಬರಬೇಕು. ಪ್ಲಂಬರನ ಮುನ್ನೂರು ರೂಪಾಯಿ ಕಡಿತದಿಂದ ಭಂಡಾರದಲ್ಲಿ ಉಳಿದ ಹಣವನ್ನು ವಾರ್ಷಿಕ ಸಭೆಯ ಲೆಕ್ಕಪತ್ರದಲ್ಲಿ ಯಾರ ಹೆಸರಿನ ಕಾಣಿಕೆಯೆಂದು ಬರೆಯಬೇಕು ಎಂಬುದನ್ನು ಮೊಕ್ತೇಸರರೇ ಹೇಳಬೇಕಾಗುತ್ತದೆ.